ಬಿಸಿಲಲ್ಲಿ ಕೂರಿಸಿ ಗಾಯ ಎಣಿಸಿದವರಿಗೆ

ಮಕ್ಕಳ ಸುರಕ್ಷಾ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಮೊಮ್ಮಗಳನ್ನು ಅವಳ ಅಪ್ಪ ಕಾದ ಕೊಳವೆಯಿಂದ ಸುಟ್ಟ ಎಂದು ನಿಮ್ಮ ಫೈಲಿನಲ್ಲಿ ಬರೆದಿದೆ. ಅದು ಸುಳ್ಳು. ಸುಳ್ಳೆಂದು ನಿಮಗೆ ಹನ್ನೊಂದು ತಿಂಗಳಿಂದ ಗೊತ್ತು. ಗೊತ್ತಿದ್ದೂ ಆ ಸಾಲನ್ನು ನೀವು ತೆಗೆದಿಲ್ಲ. ಆ ಒಂದು ಸಾಲಿನ ಬಲದ ಮೇಲೆ, ಈಗ ನನ್ನ ಮಗಳ ಹೊಟ್ಟೆಯಲ್ಲಿರುವ ಎರಡನೆಯ ಮಗುವನ್ನು ಹುಟ್ಟಿದ ದಿನವೇ ಕಿತ್ತುಕೊಳ್ಳಲು ನಿಮ್ಮ ಆದೇಶ ಸಿದ್ಧವಾಗಿದೆ. ಇಷ್ಟೇ ನನ್ನ ದೂರು. ಉಳಿದದ್ದೆಲ್ಲ ವಿವರ. ವಿವರ ಓದುವ ಅಭ್ಯಾಸ ನಿಮ್ಮ ಕಚೇರಿಗೆ ಇಲ್ಲ ಎಂದು ಅನುಭವದಿಂದ ತಿಳಿದಿರುವ ಕಾರಣ ಮುಖ್ಯವಾದದ್ದನ್ನು ಮೊದಲೇ ಬರೆದಿದ್ದೇನೆ.

ಅರ್ಜಿಯನ್ನು ಕಚೇರಿಗೆ ತಂದು ಕೊಡುವ ಬದಲು ಹತ್ತು ಜನ ಓದುವಂತೆ ಪತ್ರಿಕೆಗೆ ಏಕೆ ಬರೆದೆ ಎಂದು ಕೇಳುತ್ತೀರಾ? ಹೋದ ತಿಂಗಳು ನಿಮ್ಮ ಎರಡನೆಯ ಕೌಂಟರಿನ ಗಾಜನ್ನು ಅಲ್ಲೇ ಇದ್ದ ಪೇಪರ್‌ವೇಟ್ ಎತ್ತಿ ಒಡೆದವಳು ನಾನೇ. ಅಂದಿನಿಂದ ನನಗೆ ನಿಮ್ಮ ಗೇಟಿನೊಳಗೆ ಪ್ರವೇಶವಿಲ್ಲ. ಕಾವಲುಗಾರನ ಕೋಣೆಯಲ್ಲಿ ನನ್ನ ಫೋಟೋ ಅಂಟಿಸಿದ್ದೀರಂತೆ, ಸಂತೋಷ. ಅಂದು ನಾನು ಬಂದದ್ದು ಆರನೆಯ ಸಲ. ಮುಚ್ಚಿದ ಫೈಲಿಗೆ ಹೊಸ ಕಾಗದ ಸೇರಿಸುವಂತಿಲ್ಲ ಎಂದು ನಿಮ್ಮ ಗುಮಾಸ್ತ ಬಹಳ ತಾಳ್ಮೆಯಿಂದ ಹೇಳಿದ. ಹಾಗಾದರೆ ಅದೇ ಮುಚ್ಚಿದ ಫೈಲಿನಿಂದ ಹೊಸ ಆದೇಶ ಹೇಗೆ ಹೊರಟಿತಪ್ಪಾ ಎಂದೆ. ಹೊರಡಬಹುದಂತೆ, ಒಳಗೆ ಹೋಗುವಂತಿಲ್ಲವಂತೆ. ಆಮೇಲೆ ಅವನು ಅಂದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ತಪ್ಪಿತಸ್ಥರು ಅಂತ ಒಬ್ರು ಇರ್ಲೇಬೇಕಲ್ಲಮ್ಮ. ನಿಮ್ಮ ಅಳಿಯನ್ನ ತೆಗೆದ್ರೆ ಆ ಜಾಗದಲ್ಲಿ ಯಾರನ್ನ ಬರೀಲಿ?" ಆಗ ನನ್ನ ಕೈ ಪೇಪರ್‌ವೇಟಿನ ಮೇಲಿತ್ತು. ಗಾಜಿನ ಚೂರು ತಾಗಿ ಅವನ ಹೆಬ್ಬೆರಳಿನಿಂದ ರಕ್ತ ಸುರಿಯಿತು. ಆ ಬಡಪಾಯಿಯಲ್ಲಿ ಕ್ಷಮೆ ಕೇಳುತ್ತೇನೆ. ಅವನ ಹಿಂದಿನ ಪರದೆಯ ಆಚೆ ನೀವು ಕುಳಿತಿದ್ದಿರಿ ಎಂದು ಆಮೇಲೆ ತಿಳಿಯಿತು. ಪೇಪರ್‌ವೇಟ್ ಅಷ್ಟು ದೂರ ಹೋಗಲಿಲ್ಲವಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ನನ್ನ ಪರಿಚಯ ನಿಮ್ಮ ಫೈಲಿನ ಮೊದಲ ಪುಟದಲ್ಲೇ ಇದೆ, ಆದರೂ ಇನ್ನೊಮ್ಮೆ ಮಾಡಿಕೊಳ್ಳುತ್ತೇನೆ. ನಾನು ಟೈಲರು. ಮೂವತ್ತನಾಲ್ಕು ವರ್ಷದಿಂದ ಶಾಲೆಯ ಮಕ್ಕಳ ಸಮವಸ್ತ್ರ, ಆಸ್ಪತ್ರೆಯ ನಿಲುವಂಗಿ, ನಿಮ್ಮದೇ ಶಿಶುನಿಲಯದ ಹೊದಿಕೆ ಹೊಲಿಯುತ್ತಾ ಬಂದಿದ್ದೇನೆ. ನನಗೆ ಒಬ್ಬಳೇ ಮಗಳು. ಗುಂಡಿ ಹೊಲಿಯುವುದು, ಕಾಜಾ ಹಾಕುವುದು ಅವಳ ಪಾಲಿನ ಕೆಲಸ. ಅವಳ ಗಂಡ ಗ್ಯಾರೇಜಿನಲ್ಲಿ ನಜ್ಜುಗುಜ್ಜಾದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡುವವನು. ದಿನವಿಡೀ ಸುತ್ತಿಗೆಯ ಸದ್ದಿನಲ್ಲಿ ಇದ್ದೂ ಇದ್ದೂ ಮನೆಯಲ್ಲಿ ಅವನು ಮಾತೇ ಆಡುವುದಿಲ್ಲ. ನಾನೇ ಅವನಿಗೆ 'ಬಾಯಿಬೀಗ' ಎಂದು ಹೆಸರಿಟ್ಟಿದ್ದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಬಂಗಾರ ಅವನ ಕುತ್ತಿಗೆಗೆ ಹೇಗೆ ಉರುಳಾಯಿತು ಎಂಬುದೇ ಈ ಕಥೆ.

ಮಗು ಹುಟ್ಟಿದ್ದು ಸಣ್ಣ ಹೆರಿಗೆ ಮನೆಯಲ್ಲಿ. ಎದೆಬಡಿತ ಸ್ವಲ್ಪ ನಿಧಾನ, ಕೆಲವು ಮಕ್ಕಳು ಹೀಗೇ ಇರುತ್ತವೆ ಎಂದು ಅಲ್ಲಿಯ ದಾದಿ ಹೇಳಿದ್ದಳು. ನಾವು ನಕ್ಕೆವು. ಅಪ್ಪನ ಮಗಳು, ಎಲ್ಲದಕ್ಕೂ ನಿಧಾನ ಎಂದು ನಾನೇ ತಮಾಷೆ ಮಾಡಿದೆ. ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ಶಾಲೆ ತೆರೆಯುವ ಕಾಲ ಬಂತು, ನನಗೆ ಕತ್ತರಿ ಕೆಳಗಿಡಲು ಪುರುಸೊತ್ತಿಲ್ಲ. ಎರಡೇ ಬೀದಿ ಆಚೆ ಇದ್ದರೂ ಒಂಬತ್ತು ದಿನ ಮಗುವನ್ನು ನೋಡಲು ಹೋಗಲಾಗಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ, ಒಂದು ಅಳತೆ ಮುಗಿಸಿಕೊಂಡು ಹಾಗೇ ಹೋದೆ. ಕಂಕುಳಲ್ಲಿ ನನ್ನ ಮೂರಡಿಯ ಕಬ್ಬಿಣದ ಅಳತೆಪಟ್ಟಿ ಇತ್ತು.

ಮಗುವಿಗೆ ಐದು ವಾರ ಕಳೆದಿತ್ತು. ತೊಟ್ಟಿಲಿಗೆ ಬಗ್ಗಿ ನೋಡಿದೆ. ಯಾರೋ ಮುಷ್ಟಿ ಕಟ್ಟಿ ಗುದ್ದಿದ ಹಾಗೆ ಎರಡೂ ಕಣ್ಣಿನ ಸುತ್ತ ಕೆಂಪು, ನೇರಳೆ. ಹಣೆಯಲ್ಲಿ, ಕಪಾಳದಲ್ಲಿ, ಬೋಳು ತಲೆಯ ಮೇಲೆ ದುಂಡು ದುಂಡಾದ ಬಳೆಗಳು. ಅಂಚು ಕೆಂಪಗೆ ಉಬ್ಬಿ, ನಡು ಮಾತ್ರ ಬೆಳ್ಳಗೆ. ಕಾದ ಕೊಳವೆಯ ಬಾಯಿಯನ್ನು ಒತ್ತಿದರೆ ಹೀಗೇ ಆಗುತ್ತದೆ ಎಂದು ನಿಮ್ಮ ವೈದ್ಯ ಬರೆಯುವುದಕ್ಕಿಂತ ಮೊದಲು ನನ್ನ ತಲೆಗೇ ಹೊಳೆದಿತ್ತು. ಇದೇನೇ ಎಂದು ಮಗಳನ್ನು ಕೇಳಿದೆ. ಅವಳು ಗಂಡನ ಮುಖ ನೋಡಿದಳು. ಊಟಕ್ಕೆ ಬಂದು ಕುಳಿತಿದ್ದ ಅಳಿಯನನ್ನು ಕೇಳಿದೆ. ಅವನು ಹೆಂಡತಿಯ ಮುಖ ನೋಡಿ, ನೆಲ ನೋಡಿದ. ಅವನ ಅಂಗಿಯ ಜೇಬಿನಿಂದ ಒಂದು ತುಂಡು ಕೊಳವೆ ಇಣುಕುತ್ತಿತ್ತು. ನನಗೆ ಅಷ್ಟು ಸಾಕಾಯಿತು.

ಮೊದಲ ಏಟು ಕೆನ್ನೆಗೆ ಬಿತ್ತು. ಅಳತೆಪಟ್ಟಿಯ ಅಂಚು ತಾಗಿ ತುಟಿ ಸೀಳಿತು. ಎರಡನೆಯದಕ್ಕೆ ಮುಂದಿನ ಹಲ್ಲು ಕಿತ್ತುಬಂದು, ಮಗುವಿನ ಬಟ್ಟೆ ನೆನೆಹಾಕಿದ್ದ ಬಕೆಟ್ಟಿಗೆ ಬಿತ್ತು. ಮೂರನೆಯದನ್ನು ಅವನು ಕೈ ಅಡ್ಡ ಹಿಡಿದು ತಡೆದಾಗ ಎರಡು ಬೆರಳಿನ ಮೂಳೆ ಮುರಿದವು. ದಿನವಿಡೀ ಉಕ್ಕು ಬಡಿಯುವ ತೋಳು ಅದು. ನನ್ನನ್ನು ಒಂದೇ ಕೈಯಲ್ಲಿ ಎತ್ತಿ ಬೀದಿಗೆ ಎಸೆಯಬಹುದಿತ್ತು. ಅವನು ಕೈ ಎತ್ತಲಿಲ್ಲ, ನಾನಲ್ಲ ಎಂದೂ ಹೇಳಲಿಲ್ಲ. ಸುಮ್ಮನಿದ್ದಾನೆ ಎಂದರೆ ಒಪ್ಪಿದ್ದಾನೆ ಎಂದೇ ತಿಳಿದೆ. ಪಟ್ಟಿ ಬಗ್ಗಿ ಹೋಗುವವರೆಗೆ ಹೊಡೆದೆ. ರಕ್ತ ಹತ್ತಿದ ಆ ಪಟ್ಟಿಯನ್ನು ಹಿಡಿದುಕೊಂಡೇ ನೇರ ನಿಮ್ಮ ಕಚೇರಿಗೆ ಬಂದು ದೂರು ಕೊಟ್ಟೆ. ಫೈಲಿನ ಮೊದಲ ಪುಟ ಅದೇ, ಕೆಳಗೆ ನನ್ನ ಸಹಿ ಇದೆ.

ನಿಮ್ಮ ಕಚೇರಿಯನ್ನು ಎಲ್ಲದಕ್ಕೂ ಬೈಯುವುದು ನ್ಯಾಯವಲ್ಲ, ಅಂದು ನೀವು ತೋರಿಸಿದ ಚುರುಕನ್ನು ಮೆಚ್ಚಲೇಬೇಕು. ಗಾಜಿನ ಆಚೆ ಒಂದು ಕಾಗದ ಸೇರಿಸಲು ವರ್ಷ ಸಾಲದ ನಿಮಗೆ, ಒಂದು ಮಗುವನ್ನು ಎತ್ತಿಕೊಂಡು ಹೋಗಲು ಎರಡೇ ಗಂಟೆ ಸಾಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರು ನೀವು. ಈದದ್ದು ಎತ್ತೋ ಹಸುವೋ ಎಂದು ಬಗ್ಗಿ ನೋಡುವ ಕೆಲಸ ಯಾರದು? ನಿಮ್ಮವರು ಮೂವರು ಬಂದರು, ಜೊತೆಗೆ ಇಬ್ಬರು ಪೊಲೀಸರು. ಮಗು ಎದೆಹಾಲು ಕುಡಿಯುತ್ತಿತ್ತು. ಒಬ್ಬಳು ನನ್ನ ಮಗಳ ಎರಡೂ ತೋಳು ಹಿಂದಕ್ಕೆ ತಿರುಚಿ ಹಿಡಿದಳು, ಇನ್ನೊಬ್ಬಳು ಮಗುವಿನ ದವಡೆಗೆ ಬೆರಳು ಹಾಕಿ ಬಿಡಿಸಿದಳು. ಮಗಳು ಅವಳ ಮಣಿಕಟ್ಟು ಕಚ್ಚಿದಳು, ಇವರು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದರು. ನೆಲದ ಮೇಲೆ ಹಾಲು ಹನಿಯಾಗಿ ಬಾಗಿಲವರೆಗೆ ಬಿದ್ದಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸರಿಯಾಯಿತು ಎಂದುಕೊಂಡೆ. ಹೌದು ಮಾನ್ಯರೇ, ಹಾಗೆಯೇ ಅಂದುಕೊಂಡೆ.

ಅಳಿಯನನ್ನು ಮೆಟ್ಟಿಲಿಳಿಸುವಾಗ ಪ್ರತಿ ಮಹಡಿಯಲ್ಲೂ ನೆರೆಹೊರೆಯವರು ಕಾದಿದ್ದರು. ಸುದ್ದಿ ಪೊಲೀಸರಿಗಿಂತ ಮೊದಲು ಇಳಿದಿತ್ತು. ಮೂರನೆಯ ಮಹಡಿಯ ಗೃಹಸ್ಥ ಬೂಟು ಬಿಚ್ಚಿ ಮುಖಕ್ಕೆ ಬಾರಿಸಿದ. ಅವನ ಕಾರನ್ನು ನನ್ನ ಅಳಿಯ ಎರಡು ಸಲ ಹೊಸದರಂತೆ ಮಾಡಿಕೊಟ್ಟಿದ್ದ. ಎರಡನೆಯ ಮಹಡಿಯಲ್ಲಿ ಯಾರೋ ಕುದಿವ ನೀರು ಎರಚಿದರು. ಪೊಲೀಸರು ಇದನ್ನೆಲ್ಲ ನಿಂತು ನೋಡಿದರು, ತಮ್ಮ ಕೆಲಸ ಅಷ್ಟು ಕಡಿಮೆಯಾಯಿತು ಎಂದಿರಬೇಕು. ಆದರೂ ಠಾಣೆಯಲ್ಲಿ ಎರಡು ದಿನ ಅವನ ಅಂಗಾಲಿಗೆ ರಬ್ಬರ್ ಕೊಳವೆಯಿಂದ ಹೊಡೆದರು. ಅವನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಒಂದು ಆಯ್ಕೆ ಕೊಟ್ಟರು: ನೀನು ಮಾಡಿಲ್ಲ ಎಂದರೆ ನಿನ್ನ ಹೆಂಡತಿ ಮಾಡಿರಬೇಕು, ಅವಳನ್ನು ಕರೆಸುತ್ತೇವೆ. ಅವನು ತಕ್ಷಣ ಪೆನ್ನು ಕೇಳಿದ. ಫೈಲಿನ ಎರಡನೆಯ ಪುಟ ಅದು. ಮುರಿದ ಬೆರಳಲ್ಲಿ ಹಾಕಿದ ಸಹಿ ಎಷ್ಟು ಸೊಟ್ಟಗಿದೆ ಎಂದು ನೋಡಿದ್ದೀರಾ?

ಅವನು ಸಹಿ ಹಾಕಿದ್ದು ಏಕೆ ಎಂದು ನಮಗೆ ಬಹಳ ದಿನಗಳ ಮೇಲೆ ತಿಳಿಯಿತು. ಹೆತ್ತು ಒಂದು ತಿಂಗಳು ಸರಿಯಾಗಿ ನಿದ್ದೆಯಿಲ್ಲದೆ ಹೆಂಡತಿ ಅರ್ಧ ಹುಚ್ಚಿಯಂತೆ ಓಡಾಡುವುದನ್ನು ಅವನು ಕಂಡಿದ್ದ. ಅವಳೇ ಏನೋ ಮಾಡಿಬಿಟ್ಟಿರಬೇಕು, ಮಾಡಿದ್ದು ಅವಳಿಗೇ ನೆನಪಿಲ್ಲ ಎಂದು ಒಳಗೊಳಗೇ ನಂಬಿದ್ದ. ಅವಳನ್ನು ಉಳಿಸಬೇಕೆಂದು ನನ್ನ ಏಟು ತಿಂದ, ಠಾಣೆಯ ಏಟು ತಿಂದ, ಸಹಿಯನ್ನೂ ಹಾಕಿದ. ಅತ್ತ ನನ್ನ ಮಗಳು, ಇವನ ಕೈ ಒರಟು, ಎತ್ತಿಕೊಳ್ಳುವಾಗ ಏನೋ ಆಗಿದೆ, ಹೇಳಿದರೆ ಅಮ್ಮ ಸುಮ್ಮನಿರುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಗಂಡ ಹೆಂಡತಿಯನ್ನು ಕಾಯುತ್ತಿದ್ದ, ಹೆಂಡತಿ ಗಂಡನನ್ನು ಕಾಯುತ್ತಿದ್ದಳು, ನಾನು ಇಬ್ಬರ ಮೌನವನ್ನೂ ಸೇರಿಸಿ ಅಪರಾಧ ಎಂದು ಹೊಲಿದುಬಿಟ್ಟೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನನ್ನ ತಾಯಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ನಾವು ಮೂವರೂ ನೋಡಲಿಲ್ಲ, ಅದು ನಮ್ಮ ಹಣೆಬರಹ.

ಆದರೆ ನಿಮ್ಮಲ್ಲಿ ವೈದ್ಯನಿದ್ದ. ಆ ಮಹಾಶಯ ಮಗುವನ್ನು ಮೇಜಿನ ಮೇಲೆ ಮಲಗಿಸಿ, ಬಳೆಯ ಅಗಲ ಅಳೆದ. ಅಳಿಯನ ಜೇಬಿನ ಕೊಳವೆ ಅಳೆದ. ಎರಡೂ ಹದಿನಾಲ್ಕು ಮಿಲಿಮೀಟರ್. ಪಕ್ಕದ ಅಂಗಡಿಯ ಬಾಟಲಿಯ ಬಾಯಿ, ನನ್ನ ಕೋಟಿನ ಗುಂಡಿ ಅಳೆದಿದ್ದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು. ನಿಮ್ಮ ನಮೂನೆಯಲ್ಲಿ ಮಗುವಿನ ದೇಹದ ಚಿತ್ರವಿದೆ, ಮುಂದಿನದೊಂದು, ಹಿಂದಿನದೊಂದು, ಗಾಯವಿದ್ದಲ್ಲಿ ಗುರುತು ಹಾಕಲು. ಅವನು ಹನ್ನೊಂದು ಗುರುತು ಹಾಕಿದ. ಎದೆ ಎಷ್ಟು ಸಲ ಬಡಿಯುತ್ತಿದೆ ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿಲ್ಲ, ಆದ್ದರಿಂದ ಅವನು ಎಣಿಸಲಿಲ್ಲ. ಸ್ಟೆತಾಸ್ಕೋಪು ಅವನ ಕೊರಳಲ್ಲೇ ನೇತಾಡುತ್ತಿತ್ತು. ಅದು ಮಗುವಿನ ಎದೆಯಿಂದ ಒಂದು ಗೇಣು ಮೇಲಿತ್ತು. ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ಇನ್ನು ಮಗುವನ್ನು ಇಟ್ಟಿದ್ದ ಶಿಶುನಿಲಯದಲ್ಲಿನ ನಿಮ್ಮ ಭೇಟಿಯ ನಿಯಮಕ್ಕೆ ಬರುತ್ತೇನೆ. ಬುಧವಾರ, ಶನಿವಾರ, ಹನ್ನೊಂದರಿಂದ ಹನ್ನೆರಡು. ಅಪ್ಪನಿಗಿಲ್ಲ, ಅಮ್ಮ ಮತ್ತು ಅಜ್ಜಿಗೆ ಮಾತ್ರ. ಒಳಗೆ ಬಿಟ್ಟರೆ ಮೂಲೆಯಲ್ಲಿ ಏನಾದರೂ ಮಾಡಿಯಾರು ಎಂದು, ಮೇಲ್ವಿಚಾರಕಿಯ ಕಿಟಕಿಗೆ ನೇರವಾಗಿ ಕಾಣುವ ಅಂಗಳದ ಸಿಮೆಂಟ್ ಬೆಂಚಿನ ಮೇಲೇ ಕೂರಬೇಕು. ನೆರಳಿಲ್ಲ. ಕೊಡೆ ಹಿಡಿದರೆ ಅವರಿಗೆ ನಮ್ಮ ಕೈ ಕಾಣುವುದಿಲ್ಲ, ಆದ್ದರಿಂದ ಕೊಡೆಯೂ ಕೂಡದು. ನೆತ್ತಿಯ ಮೇಲಿನ ಬಿಸಿಲಲ್ಲಿ ಆ ಎಳೆ ಮುಖವನ್ನು ಮೇಲಕ್ಕೆ ಮಾಡಿಕೊಂಡು ಒಂದು ಗಂಟೆ ಕೂರುತ್ತಿದ್ದೆವು. ಎಳೆಗೂಸಿಗೆ ಬಿಸಿಲು ಒಳ್ಳೆಯದು ಎಂದು ನಾನೇ ಮಗಳನ್ನು ಸಮಾಧಾನ ಮಾಡಿದ್ದುಂಟು. ಎರಡು ಮೂರು ದಿನ ಕಳೆದ ಮೇಲೆ ಮುಖದಲ್ಲಿ ಹೊಸ ಬಳೆ ಏಳುತ್ತಿತ್ತು. ನಿಮ್ಮ ರಿಜಿಸ್ಟರಿನಲ್ಲಿ ಅಂದವಾದ ಅಕ್ಷರದಲ್ಲಿ ಹೀಗೆ ಬರೆದಿದೆ: ತಾಯಿಯ ಭೇಟಿಯ ನಂತರ ಎರಡು ಹೊಸ ಗುರುತುಗಳು. ತಾಯಿಯ ಭೇಟಿಯ ನಂತರ ಮೂರು ಹೊಸ ಗುರುತುಗಳು. ಅಪ್ಪ ಜೈಲಿನಲ್ಲಿದ್ದಾನೆ, ಗುರುತು ಏಳುತ್ತಲೇ ಇದೆ. ಹಾಗಿದ್ದರೆ ಅಪ್ಪ ನಿರಪರಾಧಿ ಎಂದು ನಾಲ್ಕನೇ ತರಗತಿಯ ಮಗುವೂ ಲೆಕ್ಕ ಹಾಕುತ್ತದೆ. ನೀವು ಹಾಕಿದ ಲೆಕ್ಕ ಬೇರೆ, ಅಪ್ಪನ ಜೊತೆ ಅಮ್ಮನೂ ಸೇರಿದ್ದಾಳೆ ಎಂದು. ಪ್ರತಿ ಭೇಟಿಗೆ ಮೊದಲು ಮಗಳ ಬಟ್ಟೆ ಬಿಚ್ಚಿಸಿ ಮೈ ತಡಕುವುದು ಅಂದಿನಿಂದ ಶುರುವಾಯಿತು.

ಐದನೆಯ ಭೇಟಿಯಲ್ಲಿ, ಯಾಕೋ ಏನೋ, ನಾನು ಚೀಲದಿಂದ ಟೇಪು ತೆಗೆದು ಮಗುವಿನ ಬಲಕಪಾಳದ ಬಳೆ ಅಳೆದೆ. ಅದು ಹತ್ತೊಂಬತ್ತು ಮಿಲಿಮೀಟರ್ ಇತ್ತು. ಅಂದರೆ ಬಳೆ ಬೆಳೆದಿತ್ತು. ನನ್ನ ಕೈಗೆ ಇಸ್ತ್ರಿಪೆಟ್ಟಿಗೆ ತಾಗಿ ಎಷ್ಟು ಸಲ ಸುಟ್ಟಿಲ್ಲ! ಸುಟ್ಟ ಗಾಯ ಗುಳ್ಳೆ ಏಳುತ್ತದೆ, ಸಿಪ್ಪೆ ಬಿಡುತ್ತದೆ, ಒಣಗುತ್ತದೆ. ದಿನ ಕಳೆದಂತೆ ದುಂಡಗೆ ಅಗಲವಾಗುವುದಿಲ್ಲ. ಹಲ್ಲು ಬಿದ್ದ ಆ ಬಕೆಟ್ಟು ಕಣ್ಣ ಮುಂದೆ ಬಂತು. ಮೇಲ್ವಿಚಾರಕಿಯ ಬಳಿ ಓಡಿ ಟೇಪು ತೋರಿಸಿದೆ, ಇದು ಸುಟ್ಟದ್ದಲ್ಲ, ಯಾರಾದರೂ ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಕಾಲು ಹಿಡಿದೆ. ಅಳೆಯುವುದು ನಿಮ್ಮ ಕೆಲಸವಲ್ಲ ಎಂದಳು. ಮೂವತ್ತನಾಲ್ಕು ವರ್ಷ ನಾನು ಮತ್ತೇನು ಮಾಡಿದೆ? ಮರುದಿನವೇ ಭೇಟಿ ರದ್ದಾಯಿತು. ಸಾಕ್ಷ್ಯವನ್ನು ಮುಟ್ಟಿದೆನಂತೆ.

ಭೇಟಿ ನಿಂತ ಮೇಲೆ ಮಗು ಹೇಗಿತ್ತು ಎಂಬುದಕ್ಕೂ ನಿಮ್ಮ ರಿಜಿಸ್ಟರೇ ಸಾಕ್ಷಿ. "ಶಾಂತ ಸ್ವಭಾವದ ಮಗು. ಅಳುವುದು ಬಹಳ ಕಡಿಮೆ. ಹಾಲು ಕುಡಿಯುತ್ತಲೇ ನಿದ್ರಿಸುತ್ತದೆ." ಹೊಗಳಿಕೆ ಎಂದು ಬರೆದಿದ್ದೀರಿ. ಅಳುವುದಕ್ಕೆ ಎದೆಯಲ್ಲಿ ಕಸುವು ಬೇಕು ಮಾನ್ಯರೇ. ಮಗು ನಿಮ್ಮ ಶಿಶುನಿಲಯ ಸೇರಿದ ನಲವತ್ತೊಂದನೆಯ ದಿನ ಬೆಳಗ್ಗೆ ಆ ಶಾಂತ ಮಗುವಿನ ತುಟಿ ಶಾಯಿ ಕುಡಿದಂತೆ ನೀಲಿಯಾಯಿತು. ಮೇಲ್ವಿಚಾರಕಿ ಹೊರಗೆ ಒಯ್ಯಲು ಅನುಮತಿ ಕೋರಿ ನಿಮಗೆ ಫೋನು ಹಚ್ಚಿದಳು, ನೀವು ಸಭೆಯಲ್ಲಿದ್ದಿರಿ. ಅಲ್ಲಿ ಬಟ್ಟೆ ಒಗೆಯುವ ಹೆಂಗಸು ಯಾರನ್ನೂ ಕೇಳದೆ ಮಗುವನ್ನು ಒದ್ದೆ ಸೆರಗಿನಲ್ಲಿ ಸುತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿದಳು. ಗೇಟಿನಲ್ಲಿ ತಡೆದ ಕಾವಲುಗಾರನ ಮುಖಕ್ಕೆ ಉಗುರು ಹಾಕಿ ಪರಚಿದಳಂತೆ. ಅವಳಿಗೆ ನೀವು ಕೆಲಸದ ಜಾಗ ಬಿಟ್ಟು ಹೋದದ್ದಕ್ಕೆ ನೋಟಿಸು ಕೊಟ್ಟಿರಿ. ನನ್ನ ಮೊಮ್ಮಗಳು ಇಂದು ಬದುಕಿದ್ದರೆ ಅದು ಅವಳಿಂದ.

ಅಲ್ಲಿಯ ಹೃದಯದ ಡಾಕ್ಟರಮ್ಮ ಮಾಡಿದ ಮೊದಲ ಕೆಲಸ ಎಣಿಸಿದ್ದು. ನಿಮಿಷಕ್ಕೆ ನಲವತ್ತಾರು. ಆ ವಯಸ್ಸಿಗೆ ನೂರರ ಮೇಲೆ ಇರಬೇಕಂತೆ. ಆಮೇಲೆ ಕಣ್ಣಿನ ಸುತ್ತಲಿನ ಕೆಂಪನ್ನು ನೋಡಿದಳು, ಬಳೆಗಳನ್ನು ನೋಡಿದಳು, ಮಗುವಿನ ತಾಯಿ ಎಲ್ಲಿ ಎಂದು ಕೇಳಿದಳು. ಆಗ ತಾನೇ ನಮ್ಮನ್ನು ಕರೆದದ್ದು! ಕಣ್ಣು ಒಣಗುತ್ತದಾ, ಬಾಯಿ ಒಣಗುತ್ತದಾ, ಬೆಳಗ್ಗೆ ಬೆರಳ ಗಂಟು ಹಿಡಿದುಕೊಳ್ಳುತ್ತದಾ ಎಂದು ಮಗಳನ್ನು ಕೇಳಿದಳು. ಎಲ್ಲವೂ ಇತ್ತು. ಸೂಜಿ ಹಿಡಿಯುವವರಿಗೆಲ್ಲ ಇದ್ದದ್ದೇ ಎಂದು ನಾವು ಬಿಟ್ಟಿದ್ದೆವು. ರಕ್ತ ಪರೀಕ್ಷೆಯಲ್ಲಿ ರೋಗದ ಹೆಸರು ಸಿಕ್ಕಿತು: ಲೂಪಸ್, ನವಜಾತ ಶಿಶುವಿನ ಲೂಪಸ್. ತಾಯಿಯ ಮೈಯಲ್ಲಿ ಕಾವಲಿಗಿರುವ ಕಣಗಳು ದಾರಿ ತಪ್ಪಿ ತಮ್ಮವರನ್ನೇ ಹೊಡೆಯುತ್ತವೆ. ಎಷ್ಟೋ ಸಲ ತಾಯಿಗೆ ಸುಳಿವೂ ಇರುವುದಿಲ್ಲ. ಅವು ಗರ್ಭದಲ್ಲಿ ಮಗುವಿನ ರಕ್ತಕ್ಕೆ ದಾಟಿ ಚರ್ಮದಲ್ಲಿ ಬಳೆಬಳೆಯಾಗಿ ಏಳುತ್ತವೆ, ಬಿಸಿಲು ಬಿದ್ದರೆ ಇನ್ನಷ್ಟು ಏಳುತ್ತವೆ. ಆರೇಳು ತಿಂಗಳಿಗೆ ತಾಯಿಯಿಂದ ಬಂದದ್ದೆಲ್ಲ ಸವೆದು ಕಲೆ ತಾನಾಗಿ ಹೋಗುತ್ತದೆ. ಆದರೆ ಎದೆಯೊಳಗೆ ಬಡಿತವನ್ನು ಸಾಗಿಸುವ ತಂತಿಯನ್ನು ಅವು ಸುಟ್ಟಿದ್ದರೆ ಅದು ಮಾತ್ರ ಮರಳುವುದಿಲ್ಲ. ಸುಟ್ಟದ್ದು ನಿಜ ಮಾನ್ಯರೇ. ನೀವು ಹೊರಗೆ ಹುಡುಕಿದಿರಿ, ಅದು ಒಳಗಿತ್ತು.

"ಯಾರೂ ಹೊಡೆದಿಲ್ಲಮ್ಮ. ಯಾರ ತಪ್ಪೂ ಅಲ್ಲ," ಎಂದಳು ಡಾಕ್ಟರಮ್ಮ. ನನ್ನ ಮಗಳ ಕಿವಿಗೆ ಅದು ಬೀಳಲೇ ಇಲ್ಲ. ನನ್ನಿಂದಲೇ ಹೋಯಿತಾ, ನನ್ನಿಂದಲೇ ಹೋಯಿತಾ ಎನ್ನುತ್ತಾ ಎರಡೂ ಮುಷ್ಟಿಯಿಂದ ತನ್ನ ಹೊಟ್ಟೆಗೆ ಗುದ್ದಿಕೊಂಡಳು. ಅವಳ ಕೈ ಹಿಡಿಯಲು ಇಬ್ಬರು ದಾದಿಯರೂ ನಾನೂ ಬೇಕಾದೆವು. ಅಂದು ಸಂಜೆ ಮಗುವಿನ ಹೊಟ್ಟೆ ಸೀಳಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪೇಸ್‌ಮೇಕರ್ ಇಟ್ಟು, ಅದರ ತಂತಿಯನ್ನು ಎದೆಗೆ ಹೊಲಿದರು. ಗುಣವಾದ ಮೇಲೆ ಮಗು ಎಲ್ಲಿಗೆ ಹೋಯಿತು? ಮತ್ತೆ ನಿಮ್ಮ ಶಿಶುನಿಲಯಕ್ಕೇ.

ಡಾಕ್ಟರಮ್ಮ ನಿಮಗೆ ಮೂರು ಪುಟದ ಪತ್ರ ಬರೆದಳು. ನೀವು ಉತ್ತರಿಸಿದ್ದು ಒಂದೇ ಸಾಲು: ಕಾಯಿಲೆ ಇರುವುದು ಹಲ್ಲೆ ನಡೆದಿಲ್ಲ ಎಂಬುದಕ್ಕೆ ಪುರಾವೆಯಾಗದು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ. ಏಳನೆಯ ತಿಂಗಳಿಗೆ, ಡಾಕ್ಟರಮ್ಮ ಹೇಳಿದ್ದಂತೆಯೇ, ಮಗುವಿನ ಮುಖ ತೊಳೆದಿಟ್ಟ ತಟ್ಟೆಯಂತಾಯಿತು. ಆಗ ನೀವು ವಾರ್ಷಿಕ ವರದಿಯಲ್ಲಿ ಏನು ಅಚ್ಚು ಹಾಕಿಸಿದಿರಿ? "ಪೋಷಕರಿಂದ ಬೇರ್ಪಡಿಸಿದ ನಂತರ ಗಾಯಗಳು ಸಂಪೂರ್ಣ ಮಾಯವಾಗಿವೆ. ಕಚೇರಿಯ ಕ್ರಮ ಫಲಕಾರಿ." ಯಶಸ್ವಿ ಪ್ರಕರಣಗಳ ಪಟ್ಟಿಯಲ್ಲಿ ನಮ್ಮದು ಒಂಬತ್ತನೆಯದು. ಆ ಪುಟ ಓದಿದ ದಿನ ಕತ್ತರಿ ಹಿಡಿದುಕೊಂಡು ನಿಮ್ಮ ಮನೆಯ ಬೀದಿಯವರೆಗೆ ಬಂದಿದ್ದೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಹೊಟ್ಟೆ ಎಷ್ಟು ಆಳವಿದೆ ಎಂದು ಅಳೆಯುವ ಮನಸ್ಸಿತ್ತು. ನಿಮ್ಮ ಅಂಗಳದಲ್ಲಿ ಒಂದು ಪುಟ್ಟ ಸೈಕಲ್ ಬಿದ್ದಿತ್ತು, ಅದನ್ನು ನೋಡಿ ಹಿಂತಿರುಗಿದೆ.

ಒಂಬತ್ತನೆಯ ತಿಂಗಳಲ್ಲಿ ನ್ಯಾಯಾಲಯ ಮಗುವನ್ನು ಕೊಡಿಸಿತು, ಅಳಿಯನನ್ನು ಬಿಡಿಸಿತು. ನಿಮ್ಮ ಫೈಲು ಮಾತ್ರ ನ್ಯಾಯಾಲಯಕ್ಕಿಂತ ದೊಡ್ಡದು. ಅದರಲ್ಲಿ 'ಹಲ್ಲೆ ದೃಢಪಟ್ಟಿದೆ' ಎಂಬುದು ಹಾಗೇ ಉಳಿಯಿತು. ಅವನು ಬಂದ ದಿನ ನಾನು ಗ್ಯಾರೇಜಿಗೆ ಹೋದೆ. ಆ ಬಗ್ಗಿದ ಅಳತೆಪಟ್ಟಿಯನ್ನು ಅವನ ಕೈಗಿತ್ತು, ನನ್ನಷ್ಟೇ ಹೊಡಿ, ಲೆಕ್ಕ ಸರಿಯಾಗಲಿ ಎಂದೆ. ಅವನು ಅದನ್ನು ತಿರುಗಿಸಿ ನೋಡಿದ. ತಗಡು ಬಡಿಯುವ ಅಡೆಗಲ್ಲಿನ ಮೇಲಿಟ್ಟು, ಸೊಟ್ಟಗೆ ಕೂಡಿಕೊಂಡಿದ್ದ ಆ ಎರಡು ಬೆರಳಲ್ಲೇ ಸುತ್ತಿಗೆ ಹಿಡಿದು, ಸಣ್ಣ ಸಣ್ಣ ಏಟಿನಲ್ಲಿ ಬಡಿದು ನೆಟ್ಟಗೆ ಮಾಡಿ ವಾಪಸು ಕೊಟ್ಟ. "ಬಗ್ಗಿತ್ತು ಅತ್ತೆ. ಇದ್ರಲ್ಲಿ ಅಳೆದ್ರೆ ಮಕ್ಕಳ ಬಟ್ಟೆ ತಪ್ಪಾಗತ್ತೆ," ಎಂದ. ಅಷ್ಟೇ ಅವನು ಆಡಿದ ಮಾತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅವನ ಹಲ್ಲಿನ ಸಂದಿ ನೋಡಿದಾಗಲೆಲ್ಲ ನನಗೆ ಅನ್ನ ಇಳಿಯುವುದಿಲ್ಲ.

ಈಗ ಮಗಳು ಮತ್ತೆ ಗರ್ಭಿಣಿ, ಹದಿನೈದು ವಾರ. ಮೊದಲ ಮಗುವಿಗೆ ಹೃದಯ ಕೆಟ್ಟಿದ್ದರೆ ಮುಂದಿನದಕ್ಕೂ ಕೆಡುವ ಸಂಭವ ಐದಾರರಲ್ಲಿ ಒಂದಂತೆ. ಡಾಕ್ಟರಮ್ಮ ತನ್ನ ಮನೆಗೇ ಕರೆಸಿಕೊಂಡು ಆರಂಭದಿಂದಲೇ ಮಾತ್ರೆ ಕೊಟ್ಟಿದ್ದಾಳೆ. ಆದರೆ ಹದಿನಾರನೆಯ ವಾರದಿಂದ ಇಪ್ಪತ್ತಾರರವರೆಗೆ ವಾರವಾರವೂ ಹೊಟ್ಟೆಯೊಳಗಿನ ಮಗುವಿನ ಎದೆಯನ್ನು ಸ್ಕ್ಯಾನ್ ಮಾಡಿ ನೋಡಲೇಬೇಕು, ತಡವಾದರೆ ತನ್ನ ಕೈಯಲ್ಲೂ ಏನೂ ಇರುವುದಿಲ್ಲ ಎಂದಿದ್ದಾಳೆ. ಆ ಯಂತ್ರ ಇರುವುದು ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ. ಅಲ್ಲಿಯ ಕಂಪ್ಯೂಟರಿನಲ್ಲಿ ನನ್ನ ಮಗಳ ಹೆಸರಿನ ಮುಂದೆ ನಿಮ್ಮ ಕೆಂಪು ಗುರುತು ಇದೆ: ಈಕೆ ಗರ್ಭಿಣಿಯಾಗಿ ಬಂದರೆ ಕಚೇರಿಗೆ ತಿಳಿಸತಕ್ಕದ್ದು, ಮುಂದೆ ಹುಟ್ಟುವ ಯಾವ ಮಗುವನ್ನೂ ಅಂದೇ ವಶಕ್ಕೆ ಪಡೆಯುವ ಆದೇಶವಿದೆ. ಮೊನ್ನೆ ಅವಳು ನನ್ನ ಕತ್ತರಿಸುವ ಮೇಜಿನ ಮುಂದೆ ನಿಂತು ಕೇಳಿದಳು. "ಅಲ್ಲಿಗೆ ಹೋದ್ರೆ ಮಗೂನ ಇವ್ರು ತಗೊಂಡು ಹೋಗ್ತಾರೆ. ಹೋಗ್ದಿದ್ರೆ ಕಾಯಿಲೆ ತಗೊಂಡು ಹೋಗತ್ತೆ. ಯಾರಿಗೆ ಕೊಡ್ಲಿ ಹೇಳಮ್ಮ?" ಹದಿನಾರನೆಯ ವಾರ ಸೋಮವಾರ ಶುರುವಾಗುತ್ತದೆ. ಆ ಸಾಲನ್ನು ನಾನು ತೆಗೆಸುತ್ತೇನೆ, ನೀನು ಹೋಗು ಎಂದು ಮಾತು ಕೊಟ್ಟುಬಿಟ್ಟಿದ್ದೇನೆ. ಬರೆಸಿದವಳು ನಾನೇ ಅಲ್ಲವೇ?

ಆದ್ದರಿಂದ ನನ್ನ ಬೇಡಿಕೆ ಇದು. ಡಾಕ್ಟರಮ್ಮನ ಮೂರು ಪುಟಗಳನ್ನು ಫೈಲಿನ ಮುಂದಕ್ಕೆ ತನ್ನಿ. ನಿಮ್ಮ ನಮೂನೆಯಲ್ಲಿ ಗಾಯದ ಚಿತ್ರಕ್ಕಿಂತ ಮೇಲೆ ಎದೆಬಡಿತ ಬರೆಯಲು ಒಂದು ಜಾಗ ಮಾಡಿ. ಅಂಗಳದ ಆ ಬೆಂಚಿಗೆ ನೆರಳು ಹಾಕಿಸಿ, ನಾಳೆ ಇನ್ನೊಂದು ಮಗು ಅಲ್ಲಿ ಕೂರುತ್ತದೆ. ಅಳಿಯನ ಮೇಲಿನ ಸಾಲನ್ನು, ಆಸ್ಪತ್ರೆಯ ಕೆಂಪು ಗುರುತನ್ನು, ಹುಟ್ಟದ ಮಗುವಿನ ಮೇಲಿನ ಆದೇಶವನ್ನು ಶನಿವಾರದೊಳಗೆ ರದ್ದು ಮಾಡಿ. ಆ ಜಾಗದಲ್ಲಿ ಯಾರನ್ನು ಬರೆಯುವುದು ಎಂದು ನಿಮ್ಮ ಗುಮಾಸ್ತ ಕೇಳಿದ್ದನಲ್ಲ, ನನ್ನನ್ನು ಬರೆಯಿರಿ. ಆ ಮನೆಯಲ್ಲಿ ಅಂದು ಹಲ್ಲೆ ನಡೆದದ್ದು ನಿಜ. ಆಯುಧ ಮೂರಡಿಯ ಕಬ್ಬಿಣದ ಪಟ್ಟಿ, ಗಾಯ ಒಂದು ಹಲ್ಲು, ಒಂದು ತುಟಿ, ಎರಡು ಬೆರಳು. ಹೊಡೆಸಿಕೊಂಡವನು ಮಗುವಿನ ಅಪ್ಪ. ಪಟ್ಟಿಯನ್ನು ತರುತ್ತೇನೆ, ಈಗ ನೆಟ್ಟಗಿದೆ, ಅಳೆದು ನೋಡಿ. ಸೋಮವಾರ ಬೆಳಗ್ಗೆ ಹತ್ತಕ್ಕೆ ನನ್ನ ಮಗಳು ಆಸ್ಪತ್ರೆಯ ನೋಂದಣಿ ಕಿಟಕಿಯ ಮುಂದೆ ತನ್ನ ಹೆಸರು ಹೇಳುತ್ತಾಳೆ. ಅದೇ ಹತ್ತಕ್ಕೆ ನಾನು ನಿಮ್ಮ ಗೇಟಿನ ಮುಂದೆ ಎರಡೂ ಕೈ ಮುಂದೆ ಚಾಚಿ ನಿಂತಿರುತ್ತೇನೆ. ಕೋಳ ತೊಡಿಸಲು ನಿಮಗೆ ಒಂದು ಕೈ ಬೇಕಿದ್ದರೆ ಇದಕ್ಕೆ ತೊಡಿಸಿ, ಹೊಡೆದದ್ದು ಇದೇ. ಆದರೆ ಆಸ್ಪತ್ರೆಯಿಂದ ಫೋನು ಬಂದಾಗ, ಆ ಬಸುರಿಯನ್ನು ಒಳಗೆ ಬಿಡಿ, ಮಗುವಿನ ಎದೆ ಎಣಿಸಿ ಎಂದು ಹೇಳಿ.

ಇಂತಿ,
ನಿಮ್ಮ ಫೈಲಿನ ಮೊದಲ ಪುಟ ಬರೆಸಿದ, ಮೊದಲ ಏಟನ್ನೂ ಹೊಡೆದ,
ಅಳತೆ ತಪ್ಪಿದ ಟೈಲರು